ನಾಳೆ ಮೊದಲ ಶೋ, ಹಗ್ಗ ಇನ್ನೂ ಒಣಗಿಲ್ಲ

ರಾತ್ರಿ ಹನ್ನೊಂದು ಗಂಟೆ, ಟೆಂಟ್ ಒಳಗೇ ಕೂತು ಟೈಪ್ ಮಾಡ್ತಿದೀನಿ. ಶಿವಮೊಗ್ಗಕ್ಕೆ ಬಂದಿರೋ ಸರ್ಕಸ್ಸಲ್ಲಿ ಲೈಟು, ಮ್ಯೂಸಿಕ್ಕು ನೋಡ್ಕೊಳೋ ಕೆಲಸ ನಂದು. ಹೊಸ ಶೋ ಅಂದ್ರೆ ಐಟಮ್ ಅರ್ಧ ಹಳೇವೇ, ಆದ್ರೆ ಹಾಡು ಬೇರೆ, ಆರ್ಡರ್ ಬೇರೆ, ಕೈ ಮಾತ್ರ ಹಳೇ ಬಟನ್ ಕಡೆಗೇ ಹೋಗುತ್ತೆ.

ಮಧ್ಯಾಹ್ನ ಮಳೆ ಹೊಡೀತು, ನಮ್ ಮಲ್ನಾಡ್ ಮಳೆ ಗೊತ್ತಲ್ಲ, ನಿಂತೇಬಿಡ್ತು ಅನ್ನೋಷ್ಟರಲ್ಲಿ ಮತ್ತೆ ಶುರು. ಟೆಂಟ್ ಕಟ್ಟಿರೋ ನಾರಿನ ಹಗ್ಗ ನೆಂದ್ರೆ ಬಿಗಿಯಾಗಿ ಗೂಟಾನೇ ಕಿತ್ಕೊಂಡು ಬರುತ್ತೆ, ಒಣಗಿದ್ರೆ ಜೋಲು ಬೀಳುತ್ತೆ, ಅದಕ್ಕೇ ಹುಡುಗ್ರು ಟಾರ್ಚ್ ಹಿಡ್ಕೊಂಡು ಕೆಸರಲ್ಲಿ ಸಡಿಲಿಸೋದು, ಮತ್ತೆ ಬಿಗಿಯೋದು, ಸಂಜೆಯಿಂದ ಇದೇ ಆಯ್ತು.

ಟ್ರಪೀಸ್, ಅಂದ್ರೆ ಎತ್ತರದ ಉಯ್ಯಾಲೆ ಆಟ, ಅದ್ರ ರಿಹರ್ಸಲ್ಲಲ್ಲಿ ತಪ್ಪು ನಂದೇ. ತಲೆಕೆಳಗಾಗಿ ನೇತಾಡ್ತಿದ್ದ ಹಿಡಿಯೋನ ಕಣ್ಣಿಗೇ ಸ್ಪಾಟ್‌ಲೈಟ್ ಬಿತ್ತು, ಅವನ ಕಡೆ ಹಾರಿ ಬಂದ ಹುಡುಗಿ ಕೈ ಸಿಗದೆ ಧೊಪ್ ಅಂತ ಬಲೆಗೆ. ಅವಳು ಏನೂ ಅನ್ಲಿಲ್ಲ, ಅಂಗೈಗೆ ಬಿಳಿ ಪೌಡರ್ ತಿಕ್ಕೊಂಡು ಮತ್ತೆ ಏಣಿ ಹತ್ತಿದ್ಲು. ಬೈದಿದ್ರೆ ಪರವಾಗಿಲ್ಲ ಅನ್ನಿಸ್ತಿತ್ತು.

ನಮ್ಗೆ ರಿಹರ್ಸಲ್ ಮಾಡ್ಸೋ ಮಾಸ್ಟರ್ ಕೇರಳದ ತಲಶ್ಶೇರಿಯವರು, 1901ರಲ್ಲಿ ಕೀಲೇರಿ ಕುಂಞಿಕಣ್ಣನ್ ಸರ್ಕಸ್ ಶಾಲೆ ತೆರೆದ ಊರು ಅದು, ಹಂಗಾಗಿ ಅವರಿಗೆ ಅರ್ಧ ಸೆಕೆಂಡ್ ಲೇಟಾದ್ರೂ ಅದು ಲೇಟೇ.

ಇನ್ನೊಂದು ಕಡೆ ಗೇಟಲ್ಲಿ ಮಕ್ಕಳು, 'ಹುಲಿ ಇದ್ಯಾ ಅಣ್ಣಾ, ಆನೆ ಇದ್ಯಾ?' 1998ರಲ್ಲೇ ಹುಲಿ, ಸಿಂಹ, ಕರಡಿ, ಕೋತಿ ಆಟಕ್ಕೆ ಸರ್ಕಾರ ನಿಷೇಧ ಹಾಕಿದೆ ಅಂತ ಅವಕ್ಕೇನ್ ಗೊತ್ತು. ಆನೆ ಬೇಕಂದ್ರೆ ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗ್ರೋ ಅಂದೆ.

ಮಾಸ್ಟರ್ ಕೂಗ್ತಿದಾರೆ, ಟ್ರಪೀಸ್ ಇನ್ನೊಂದ್ ಸಲ ಅಂತೆ.