ನಕಲಾಗದ ಕಾರ್ಡು, ಕಾಣದ ಪೆನ್‌ಡ್ರೈವು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮನೆಯ ಪ್ಲೇಸ್ಟೇಷನ್ 2, ಅಂದರೆ ಸೋನಿ ಕಂಪನಿಯ ವೀಡಿಯೊ ಗೇಮ್ ಯಂತ್ರ, ಹಾಳಾಗಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ನಿಜಕ್ಕೂ ಅದರಲ್ಲಿ ಕೆಟ್ಟಿದ್ದದ್ದು ಡಿಸ್ಕ್ ಓದುವ ಲೆನ್ಸ್ ಒಂದೇ. ಉಳಿದ ತೊಂದರೆಗಳೆಲ್ಲ ಆ ಲೆನ್ಸಿನ ಗೊಡವೆಯಿಲ್ಲದೆ ಆಟ ಓಡಿಸಬೇಕೆಂದು ಅಕ್ಕನ ಮಗ ಮಾಡಿದ ತಂತ್ರಾಂಶದ ಮಾರ್ಪಾಡುಗಳಿಂದ ಹುಟ್ಟಿದವು. ಅವು ಒಂದರ ಹಿಂದೊಂದು ಅಡಗಿ ಕುಳಿತಿದ್ದುದರಿಂದ ಮುಂದಿನದನ್ನು ಸರಿಪಡಿಸಿದರೂ ಹೊರಗೆ ಕಾಣುವ ಫಲ ಮಾತ್ರ ಅದೇ ಆಗಿರುತ್ತಿತ್ತು: ಆಟ ತೆರೆಯುತ್ತಿರಲಿಲ್ಲ. ಮಾರ್ಪಾಡು ಮಾಡಿದ ಯಂತ್ರದ ರಿಪೇರಿಯಲ್ಲಿ ಜನ ಸೋಲುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಸರಿಯಾದದ್ದನ್ನೇ ಮಾಡಿರುತ್ತಾರೆ, ಫಲ ಕಾಣಲಿಲ್ಲವೆಂದು ಅದನ್ನು ಅಳಿಸಿಬಿಡುತ್ತಾರೆ.

ಯಂತ್ರ 77000 ಸರಣಿಯದು, ತೆಳ್ಳಗಿನ ಮಾದರಿ. ಮುಲುಂಡಿನಲ್ಲಿ ಹೋಟೆಲು ನಡೆಸುವ ಭಾವ ಅದನ್ನು ಮಗ ಚಿಕ್ಕವನಿದ್ದಾಗ ಕೊಂಡಿದ್ದರು. 2000ದ ಮಾರ್ಚಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ 2013ರ ಹೊತ್ತಿಗೆ ತಯಾರಿಕೆ ನಿಂತ ಪ್ಲೇಸ್ಟೇಷನ್ 2 ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಹಾಗಾಗಿ ಇಂದಿಗೂ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಇದರ ಬಿಡಿಭಾಗ ಸಿಗುತ್ತದೆ, ರಿಪೇರಿ ಮಾಡುವವರೂ ಸಿಗುತ್ತಾರೆ. ಅಲ್ಲಿಯ ಅಂಗಡಿಯೊಂದರಲ್ಲಿ ಲೆನ್ಸ್ ಬದಲಿಸಲು ಕೇಳಿದ ಹಣ ಭಾವನಿಗೆ ಹಿಡಿಸಲಿಲ್ಲ. "ಎಂಥ ಮಾರಾಯ, ಆ ದುಡ್ಡಿಗೆ ಇಂಥದ್ದೇ ಇನ್ನೊಂದು ಹಳೇ ಮಿಷನ್ ಬರ್ತದೆ" ಎಂದು ಅವರು ಅದನ್ನು ವಾಪಸು ತಂದು ಅಟ್ಟದ ಮೇಲಿಟ್ಟಿದ್ದರು. ಅಟ್ಟದಿಂದ ಇಳಿಸಿದವನು ಅಕ್ಕನ ಮಗ ನಿಖಿಲ.

ಡಿಸ್ಕ್ ಇಲ್ಲದೆ ಆಟ ಓಡಿಸಲು ಈ ಯಂತ್ರವನ್ನು ಬಿಚ್ಚಿ ಚಿಪ್ ಬೆಸೆಯಬೇಕಾದ ಕಾಲವೊಂದಿತ್ತು. ಈಗ ಅದು ಬೇಕಿಲ್ಲ. ಯಂತ್ರವು ಹೊತ್ತಿಕೊಳ್ಳುವಾಗ, ಅಂದರೆ ಚಾಲೂ ಆಗುವಾಗ, ಆಡಿದ್ದನ್ನು ಉಳಿಸಿಡುವ ಮೆಮರಿ ಕಾರ್ಡಿನ ಒಂದು ನಿರ್ದಿಷ್ಟ ಫೋಲ್ಡರಿನಲ್ಲಿ ವ್ಯವಸ್ಥೆಯ ಅಪ್‌ಡೇಟ್ ಫೈಲು ಇದೆಯೇ ಎಂದು ನೋಡುತ್ತದೆ. ಇದ್ದರೆ ತನ್ನ ಮಾಮೂಲು ಮೆನುವಿಗೆ ಮೊದಲು ಅದನ್ನು ಓಡಿಸುತ್ತದೆ. ಕಂಪನಿ ತನ್ನ ಉಪಯೋಗಕ್ಕೆಂದು ಇಟ್ಟುಕೊಂಡ ಈ ಬಾಗಿಲಿನಿಂದಲೇ ಫ್ರೀ ಮೆಕ್‌ಬೂಟ್ ಎಂಬ ಉಚಿತ ತಂತ್ರಾಂಶ 2008ರಿಂದ ಒಳಬರುತ್ತಿದೆ. ಅದರ ಮೂಲಕ ಓಪನ್ ಪಿಎಸ್2 ಲೋಡರ್, ಅಂದರೆ ಬಳಕೆದಾರರ ಬಾಯಲ್ಲಿ ಒಪಿಎಲ್, ತೆರೆದುಕೊಳ್ಳುತ್ತದೆ. ಅದು ಪೆನ್‌ಡ್ರೈವಿನಿಂದಲೋ ನೆಟ್‌ವರ್ಕಿನಿಂದಲೋ ಆಟದ ಪ್ರತಿಯನ್ನು ಓದಿ, ಡಿಸ್ಕನ್ನೇ ಓದುತ್ತಿದ್ದೇನೆಂದು ಆಟಕ್ಕೆ ನಂಬಿಸುತ್ತದೆ. ನಿಖಿಲನ ಪ್ರತಿಗಳೆಲ್ಲ ಭಾವ ದುಡ್ಡು ಕೊಟ್ಟು ಕೊಂಡಿದ್ದ ಡಿಸ್ಕುಗಳಿಂದಲೇ ತೆಗೆದವು. ಯಂತ್ರದ ಲೆನ್ಸ್ ಸೋತಿದ್ದರೂ ಹಳೆಯ ಲ್ಯಾಪ್‌ಟಾಪಿನ ಡಿವಿಡಿ ಡ್ರೈವು ಅವನ್ನು ಸಲೀಸಾಗಿ ಓದುತ್ತಿತ್ತು.

ಎರಡನೇ ಶನಿವಾರ ನಮ್ಮ ಬ್ಯಾಂಕಿಗೆ ರಜೆ. ಸಹಕಾರಿ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿರುವ ನಾನು ಬಂಧುಗಳ ಮನೆಗೆ ಹೋದರೆ ಪ್ರಿಂಟರಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲವನ್ನೂ ಮುಂದೆ ತಂದಿಡುವುದು ವಾಡಿಕೆ. ಅಂದು ಬೆಳಿಗ್ಗೆ ನೀರುದೋಸೆಯ ತಟ್ಟೆಯ ಪಕ್ಕದಲ್ಲೇ ಪ್ಲೇಸ್ಟೇಷನ್ ಬಂದು ಕುಳಿತಿತ್ತು.

"ಮಾವ, ಎಲ್ಲಾ ಫೈಲೂ ಸರಿಯಾಗಿ ಕಾಪಿ ಆಗಿದೆ. ಸೈಜ್ ಸಹ ಅಷ್ಟೇ ಇದೆ. ಆದರೂ ಸೀದಾ ಹಳೇ ಮೆನುವಿಗೆ ಹೋಗ್ತದೆ" ಎಂದ ನಿಖಿಲ.

ಅವನು ಹೇಳಿದ್ದು ನಿಜವಾಗಿತ್ತು. ಗೆಳೆಯನೊಬ್ಬನ ಕಾರ್ಡಿನಲ್ಲಿ ಫ್ರೀ ಮೆಕ್‌ಬೂಟ್ ಚೆನ್ನಾಗಿ ನಡೆಯುತ್ತಿತ್ತು. ಅದರಿಂದ ಯಂತ್ರವನ್ನು ತೆರೆದು, ಎರಡನೆಯ ಸ್ಲಾಟಿನಲ್ಲಿ ತನ್ನ ಕಾರ್ಡು ಹಾಕಿ, ಯು-ಲಾಂಚ್ ಎಂಬ ಫೈಲ್ ಮ್ಯಾನೇಜರಿನಿಂದ ಫೋಲ್ಡರುಗಳನ್ನೆಲ್ಲ ಒಂದೂ ಬಿಡದೆ ಇವನು ನಕಲು ಮಾಡಿಕೊಂಡಿದ್ದ. ಎಲ್ಲಿಯೂ ತಪ್ಪಿನ ಸೂಚನೆ ಬಂದಿರಲಿಲ್ಲ. ಬರುವುದೂ ಇಲ್ಲ. ಹೊತ್ತಿಕೊಳ್ಳುವಾಗ ಯಂತ್ರ ಓಡಿಸುವ ಆ ಒಂದು ಫೈಲು ಗೂಢಲಿಪೀಕರಣಗೊಂಡದ್ದಾಗಿದ್ದು, ಯಾವ ಕಾರ್ಡಿನ ಮೇಲೆ ಸಿದ್ಧವಾಯಿತೋ ಆ ಕಾರ್ಡಿನ ಗುರುತಿಗೇ ಕಟ್ಟುಬಿದ್ದಿರುತ್ತದೆ. ಒಬ್ಬರ ಹೆಸರಿನ ಲೋಕಲ್ ಪಾಸನ್ನು ಜೆರಾಕ್ಸ್ ಮಾಡಿಸಿಕೊಂಡು ಇನ್ನೊಬ್ಬರು ಗಾಡಿ ಹತ್ತಿದ ಹಾಗೆ, ಅಕ್ಷರ ಅಕ್ಷರವೂ ಸರಿಯಿದ್ದರೂ ತಪಾಸಣೆಯಲ್ಲಿ ಅದು ನಿಲ್ಲದು. ಯಂತ್ರ ದೂರು ಹೇಳುವುದಿಲ್ಲ. ಅಂಥ ಫೈಲು ಇಲ್ಲವೇ ಇಲ್ಲವೆಂಬಂತೆ ಹಳೆಯ ಮೆನುವಿಗೆ ಹೋಗುತ್ತದೆ.

ಆದ್ದರಿಂದ ನಕಲು ಮಾಡುವ ಬದಲು ಇನ್‌ಸ್ಟಾಲರನ್ನೇ ಪೆನ್‌ಡ್ರೈವಿಗೆ ಹಾಕಿ, ಗೆಳೆಯನ ಕಾರ್ಡಿನಿಂದ ಯಂತ್ರ ತೆರೆದು, ಅದರಿಂದ ನಿಖಿಲನ ಕಾರ್ಡಿನ ಮೇಲೆ ಹೊಸದಾಗಿ ಸ್ಥಾಪಿಸಲು ಹೊರಟೆವು. ಅದೂ ವಿಫಲವಾಯಿತು. ಕಾರಣ ಬೇರೆ: ಅವನ ಕಾರ್ಡು ಬೀದಿಬದಿಯಲ್ಲಿ ಕೊಂಡ, ಹೆಸರಿಲ್ಲದ 64 ಎಂಬಿಯದು. ಮೇಲೆ ಹೇಳಿದ ಕಟ್ಟುಪಾಡು ನಡೆಯಲು ಕಾರ್ಡಿನೊಳಗೆ ಮ್ಯಾಜಿಕ್‌ಗೇಟ್ ಎಂಬ ವ್ಯವಸ್ಥೆ ಇರಬೇಕು. ಅದಿಲ್ಲದ ಕಾರ್ಡಿನಲ್ಲಿ ಆಟದ ಸೇವ್‌ಗಳು ಉಳಿಯುತ್ತವೆಯೇ ಹೊರತು ಇದು ನಡೆಯುವುದಿಲ್ಲ. "ಜಾಗ ಜಾಸ್ತಿ ಇರ್ಲಿ ಅಂತ ತಕೊಂಡದ್ದು" ಎಂದು ಅವನು ಮುಖ ಸಣ್ಣ ಮಾಡಿದ. ಯಂತ್ರದೊಂದಿಗೆ ಕೊಂಡಿದ್ದ 8 ಎಂಬಿಯ ಕಪ್ಪು ಕಾರ್ಡು ಎಲ್ಲಿ ಎಂದು ಕೇಳಿದಾಗ ಅಕ್ಕ ಹಳೆಯ ಮೊಬೈಲ್ ಚಾರ್ಜರುಗಳ ಡಬ್ಬಿಯ ತಳದಿಂದ ಅದನ್ನು ಹುಡುಕಿಕೊಟ್ಟಳು. ಬೇರೆ ಬೇರೆ ಮಾದರಿಗಳಿಗೆಲ್ಲ ಆಗುವಂತೆ ಸ್ಥಾಪಿಸುವ ಆಯ್ಕೆಯನ್ನು ಬಿಟ್ಟು, ಈ ಯಂತ್ರಕ್ಕೆ ಸಾಕಾಗುವ ಸರಳ ಆಯ್ಕೆಯನ್ನೇ ಒತ್ತಿದೆ. ಪಟ್ಟಿ ಕೊನೆ ಮುಟ್ಟುವವರೆಗೆ ಯಾರೂ ಕಾರ್ಡನ್ನು ಮುಟ್ಟಕೂಡದೆಂದು ಹೇಳಬೇಕಾಯಿತು, ಏಕೆಂದರೆ ಭಾವ ಆಗಲೇ ಜಾಯ್‌ಸ್ಟಿಕ್ ಕೈಗೆತ್ತಿಕೊಂಡಿದ್ದರು. ಮರಳಿ ಹೊತ್ತಿಸಿದಾಗ ಹೊಸ ಮೆನು ಬಂತು.

ಒಪಿಎಲ್ ತೆರೆಯಿತು, ಆಟಗಳ ಪಟ್ಟಿ ಮಾತ್ರ ಖಾಲಿ.

ಇಲ್ಲಿಯೇ ನಿಖಿಲ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡೋಣ ಎಂದ. ನಾನು ಒಪ್ಪಲಿಲ್ಲ. ಒಪಿಎಲ್ ತೆರೆದಿದೆ ಎಂದರೆ ಕಾರ್ಡಿನ ಅಧ್ಯಾಯ ಮುಗಿಯಿತು. ಇನ್ನು ಅದನ್ನು ಮುಟ್ಟುವ ಕಾರಣವಿಲ್ಲ. ಪೆನ್‌ಡ್ರೈವು 64 ಜಿಬಿಯದು, ಕಾರ್ಖಾನೆಯಿಂದಲೇ ಎಕ್ಸ್‌ಫ್ಯಾಟ್ ಎಂಬ ಫೈಲು ಜೋಡಣೆಯ ರೂಪದಲ್ಲಿ ಬಂದದ್ದು. ಅವನಲ್ಲಿದ್ದ ಒಪಿಎಲ್‌ನ ಹಳೆಯ ಆವೃತ್ತಿಗೆ ತಿಳಿಯುವುದು ಫ್ಯಾಟ್32 ಎಂಬ ಹಳೆಯ ರೂಪ ಒಂದೇ. ವಿಂಡೋಸಿನ ಫಾರ್ಮ್ಯಾಟ್ ಮೆನುವೋ 32 ಜಿಬಿ ಮೀರಿದ ಡ್ರೈವಿಗೆ ಫ್ಯಾಟ್32 ಆಯ್ಕೆಯನ್ನು ತೋರಿಸುವುದಿಲ್ಲ. ಬೇರೊಂದು ಸಣ್ಣ ತಂತ್ರಾಂಶದಿಂದ ಅದನ್ನು ಮಾಡಿದೆವು. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲವಾದ್ದರಿಂದ, ಅದಕ್ಕಿಂತ ದೊಡ್ಡದಾದ ಫುಟ್‌ಬಾಲ್ ಆಟವೊಂದನ್ನು 1 ಜಿಬಿಯ ತುಂಡುಗಳಾಗಿ ಒಡೆದು ಇಡಬೇಕಾಯಿತು. ತುಂಡುಗಳ ಜೊತೆಗೆ ಅವುಗಳ ಪಟ್ಟಿಯ ಫೈಲೂ ಇರಬೇಕು, ಇಲ್ಲವಾದರೆ ಒಪಿಎಲ್‌ಗೆ ಆ ಆಟ ಕಾಣಿಸುವುದೇ ಇಲ್ಲ. ಉಳಿದವನ್ನು ಸಿಡಿ ಮತ್ತು ಡಿವಿಡಿ ಎಂಬ ಎರಡು ಫೋಲ್ಡರುಗಳಿಗೆ ಹಂಚಿದೆವು. ಯಾವುದು ಎಲ್ಲಿಗೆ ಎಂಬ ಗೊಂದಲಕ್ಕೆ ಡಿಸ್ಕನ್ನು ಮಗುಚಿ ನೋಡುವುದೇ ಪರಿಹಾರ: ಈ ಯಂತ್ರದ ಸಿಡಿಗಳ ಕೆಳಮೈ ನೀಲಿ, ಡಿವಿಡಿಗಳದ್ದು ಬೆಳ್ಳಿ.

ಪಟ್ಟಿ ತುಂಬಿತು. ಭಾವನಿಗೆ ಬೇಕಾಗಿದ್ದ ಕ್ರಿಕೆಟ್ ಆಟವನ್ನು ಒತ್ತಿದರೆ, ಫೈಲು ಚೂರುಚೂರಾಗಿ ಹರಡಿಕೊಂಡಿದೆ ಎಂಬ ಸಂದೇಶ ಬಂತು. ಒಪಿಎಲ್‌ಗೆ ಆಟದ ಫೈಲು ಪೆನ್‌ಡ್ರೈವಿನಲ್ಲಿ ಒಂದೇ ಅಖಂಡ ಸಾಲಾಗಿ ಇರಬೇಕು. ನಾವು ಕಾಫಿ ಕುಡಿಯುತ್ತಿದ್ದಾಗ ನಿಖಿಲ ಸಮಯ ಉಳಿಸಲೆಂದು ಹಲವು ಆಟಗಳನ್ನು ಒಟ್ಟೊಟ್ಟಿಗೆ ನಕಲಿಗೆ ಹಾಕಿದ್ದ. ಅವು ಪರಸ್ಪರ ನಡುವೆ ನುಗ್ಗಿ ಕುಳಿತಿದ್ದವು. ಇದಕ್ಕೆ ಚೂರುಗಳನ್ನು ಮತ್ತೆ ಒಂದುಗೂಡಿಸುವ ಡಿಫ್ರಾಗ್ ತಂತ್ರಾಂಶಗಳಿವೆ. ನನಗೆ ಅದಕ್ಕಿಂತ ಹಿಡಿಸುವುದು ಪೆನ್‌ಡ್ರೈವನ್ನು ಖಾಲಿ ಮಾಡಿ, ಒಂದು ಮುಗಿದ ಮೇಲೆ ಇನ್ನೊಂದರಂತೆ ನಕಲು ಮಾಡುವುದು. ಹೊತ್ತು ಹಿಡಿಯುತ್ತದೆ, ಆದರೆ ಮುಂದೆ ಏನಾದರೂ ಕೆಟ್ಟರೆ ಇದೊಂದು ಅನುಮಾನ ಉಳಿಯುವುದಿಲ್ಲ.

ಊಟದ ಹೊತ್ತಿಗೆ ಆಟ ತೆರೆಯಿತು. ಆದರೆ ಆರಂಭದ ವೀಡಿಯೊ ಹೆಜ್ಜೆಹೆಜ್ಜೆಗೂ ತಡವರಿಸಿತು, ಧ್ವನಿ ಹರಿದು ಹರಿದು ಬಂತು. "ಪೆನ್‌ಡ್ರೈವ್ ಡಬ್ಬಾ ಇರ್ಬೇಕು, 3.0ದ್ದು ತರ್ಲಾ ಮಾವ?" ಎಂದ ನಿಖಿಲ. ಬೇಡವೆಂದೆ. ಈ ಯಂತ್ರದ ಯುಎಸ್‌ಬಿ ಕಿಂಡಿ 1.1ರ ಕಾಲದ್ದು, ಸೆಕೆಂಡಿಗೆ 12 ಮೆಗಾಬಿಟ್ ಅದರ ಮಿತಿ. ಅಂದರೆ ಕಾಗದದ ಮೇಲೆಯೂ 1.5 ಎಂಬಿ, ಬಳಕೆಯಲ್ಲಿ ಅದಕ್ಕಿಂತ ಕಡಿಮೆ. ಯಂತ್ರದ ಸ್ವಂತ ಡಿವಿಡಿ ಡ್ರೈವು 4 ಪಟ್ಟು ವೇಗದ್ದು, ಸೆಕೆಂಡಿಗೆ ಸುಮಾರು 5 ಎಂಬಿ ಓದಬಲ್ಲದು, ಆಟಗಳನ್ನು ಬರೆದವರು ನೆಚ್ಚಿಕೊಂಡದ್ದು ಆ ವೇಗವನ್ನು. ಎಂಥ ದುಬಾರಿ ಪೆನ್‌ಡ್ರೈವು ತಂದರೂ ಆ ಕಿಂಡಿಯ ಅಗಲ ಹೆಚ್ಚುವುದಿಲ್ಲ. ಇದು ದೋಷವಲ್ಲ, ಯಂತ್ರದ ಮಿತಿ. ಇವೆರಡನ್ನು ಬೇರ್ಪಡಿಸದವರೇ ಮಾರುಕಟ್ಟೆಗೆ ಓಡುತ್ತಿರುತ್ತಾರೆ.

ತೆಳು ಮಾದರಿಯ ಹಿಂಭಾಗದಲ್ಲಿ ನೆಟ್‌ವರ್ಕ್ ಕೇಬಲಿನ ಕಿಂಡಿಯಿದೆ, ಅದರ ವೇಗ 100 ಮೆಗಾಬಿಟ್. ಆಟಗಳನ್ನು ಕಂಪ್ಯೂಟರಿನಲ್ಲಿಟ್ಟು ಅಲ್ಲಿಂದ ಓದಿಸಬಹುದು. ತೊಡಕೇನೆಂದರೆ ಒಪಿಎಲ್ ಇದಕ್ಕೆ ಬಳಸುವುದು ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆಯ ವಿಧಾನ. 2017ರ ಮೇ ತಿಂಗಳಲ್ಲಿ ಜಗತ್ತಿನ ಆಸ್ಪತ್ರೆ, ಕಚೇರಿಗಳನ್ನೆಲ್ಲ ಕಾಡಿದ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ವಿಂಡೋಸಿನಲ್ಲಿ ಇದೇ ವಿಧಾನಕ್ಕಿದ್ದ ಬಿರುಕಿನಿಂದ. ಅದೇ ವರ್ಷದ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನು ಮೊದಲಿನಂತೆ ತಾನಾಗಿ ಹಾಕುವುದು ನಿಂತಿತು. ನಿಖಿಲನ ಗೆಳೆಯರು ಅಕ್ಕನ ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ಮತ್ತೆ ಚಾಲೂ ಮಾಡಲು ಹೇಳಿಕೊಟ್ಟಿದ್ದರು. ನಾನು ಖಡಾಖಂಡಿತವಾಗಿ ಬೇಡವೆಂದೆ. ಹೋಟೆಲಿನ ಜಿಎಸ್‌ಟಿ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲ ನಡೆಯುವುದು ಅದರಲ್ಲಿ. ಒಂದು ಕ್ರಿಕೆಟ್ ಆಟಕ್ಕಾಗಿ ಅದರ ಕದ ತೆರೆದಿಡುವುದು, ನನ್ನ ಕೆಲಸದ ಚಾಳಿಯೋ ಏನೋ, ಸುತರಾಂ ಒಪ್ಪಿಗೆಯಾಗಲಿಲ್ಲ.

ಡಿಸ್ಕ್ ಓದಲು ಬಳಸಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 7 ಇತ್ತು. ಅದರ ವೈಫೈ ಆರಿಸಿ, ಇಂಟರ್‌ನೆಟ್ಟಿನ ಸಂಬಂಧವನ್ನೇ ಕಡಿದು, ಒಂದು ಕೇಬಲಿನಿಂದ ನೇರವಾಗಿ ಪ್ಲೇಸ್ಟೇಷನ್ನಿಗೆ ಜೋಡಿಸಿದೆವು. ಲ್ಯಾಪ್‌ಟಾಪಿಗೆ 192.168.1.5, ಯಂತ್ರಕ್ಕೆ 192.168.1.10 ಎಂದು ವಿಳಾಸಗಳನ್ನು ಕೈಯಾರೆ ಕೊಟ್ಟು, ಆಟಗಳ ಫೋಲ್ಡರನ್ನು ಹಂಚಿಕೆಗೆ ಇಟ್ಟೆವು. ಒಪಿಎಲ್ ನೆಟ್‌ವರ್ಕ್ ಆರಂಭವಾಗಲಿಲ್ಲ ಎಂದಿತು. ವಿಳಾಸ, ಹಂಚಿಕೆಯ ಹೆಸರು, 445 ಎಂಬ ಪೋರ್ಟ್ ಸಂಖ್ಯೆ ಎಲ್ಲ ಸರಿಯಿದ್ದವು. ನಡುವೆ ರೂಟರ್ ಇಲ್ಲದ ಇಂಥ ಜೋಡಣೆಯನ್ನು ವಿಂಡೋಸ್ 7 ಗುರುತಿಲ್ಲದ ನೆಟ್‌ವರ್ಕ್ ಎಂದು ಬಗೆದು, ಸಾರ್ವಜನಿಕ ಜಾಗದಲ್ಲಿದ್ದೇನೆಂಬ ಎಚ್ಚರದಿಂದ ಹಂಚಿಕೆಯನ್ನು ತಡೆಯುತ್ತದೆ. ಆ ವರ್ಗಕ್ಕೂ ಫೈಲ್ ಹಂಚಿಕೆಗೆ ಅನುಮತಿ ಕೊಟ್ಟು ಪಾಸ್‌ವರ್ಡಿನ ಷರತ್ತನ್ನು ತೆಗೆದ ಮೇಲೆ ಪಟ್ಟಿ ಮೂಡಿತು. ಹೊರಗಿನ ಗಾಳಿ ಸೋಕದ ಲ್ಯಾಪ್‌ಟಾಪಾದ್ದರಿಂದ ಇಷ್ಟು ಸಡಿಲಿಕೆಗೆ ನನ್ನ ಮನಸ್ಸು ಒಪ್ಪಿತು. ಆರಂಭದ ವೀಡಿಯೊ ಈ ಬಾರಿ ಎಲ್ಲಿಯೂ ತಡೆಯದೆ ಹರಿಯಿತು.

ಇನ್ನು ಉಳಿದದ್ದು ಫುಟ್‌ಬಾಲ್ ಆಟ. ಅದು ತೆರೆದು, ಲಾಂಛನ ತೋರಿಸಿ, ಕಪ್ಪಾಗಿ ನಿಲ್ಲುತ್ತಿತ್ತು. ಇಂಥ ಆಟಗಳಿಗಾಗಿ ಒಪಿಎಲ್‌ನಲ್ಲಿ 1ರಿಂದ 6ರವರೆಗೆ ಹೊಂದಾಣಿಕೆಯ ಮೋಡ್‌ಗಳಿವೆ: ಒಂದು ಡಿಸ್ಕಿನ ಓದುವ ವೇಗವನ್ನು ಅನುಕರಿಸುತ್ತದೆ, ಇನ್ನೊಂದು ವೀಡಿಯೊಗಳನ್ನೇ ಹಾರಿಸುತ್ತದೆ, ಹೀಗೆ. ನಿಖಿಲ ಆಗಲೇ ಎಲ್ಲಕ್ಕೂ ಟಿಕ್ ಹಾಕಿ ಇಟ್ಟಿದ್ದ. ಎಲ್ಲವನ್ನೂ ತೆಗೆಸಿ, ಒಂದೊಂದನ್ನೇ ಹಾಕಿ ನೋಡಿ, ಫಲವನ್ನು ಅಕ್ಕನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಿಸಿದೆ. ಅವನಿಗೆ ಅದು ಶಾಲೆಯ ಹೋಮ್‌ವರ್ಕಿನಂತೆ ಕಂಡಿತೆಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು. 1ನೇ ಮೋಡ್ ಒಂದರಲ್ಲೇ ಆಟ ಮುಂದೆ ಸಾಗಿತು; ಅದರ ಜೊತೆ 3ನೆಯದನ್ನೂ ಹಾಕಿದರೆ ಮತ್ತೆ ಕಪ್ಪಾಗುತ್ತಿತ್ತು. ಎಲ್ಲಕ್ಕೂ ಟಿಕ್ ಹಾಕಿದ್ದವನಿಗೆ ಮದ್ದೂ ವಿಷವೂ ಒಟ್ಟಿಗೇ ಹೊಟ್ಟೆಗೆ ಹೋಗಿದ್ದವು.

ಭಾವ ಕೇಳಿದ್ದು ಬೇರೆಯೇ ಪ್ರಶ್ನೆ. "ಆ ದೊಡ್ಡ ಕಾರ್ಡ್‌ನಲ್ಲಿ ನನ್ನ ಹಳೇ ಟೂರ್ನಮೆಂಟ್ ಉಂಟಲ್ಲ, ಅದೂ ಹೋಯ್ತಾ?"

"ಇಲ್ಲ ಭಾವ, ಅದಕ್ಕೆ ಕಟ್ಟುಪಾಡಿಲ್ಲ. ಈಗಲೇ ಈ ಕಾರ್ಡಿಗೆ ಹಾಕಿಕೊಡ್ತೇನೆ, ನೀವು ಆಡಿ" ಎಂದು ಯಂತ್ರದ ಮಾಮೂಲು ಮೆನುವಿನಿಂದಲೇ ಅದನ್ನು ನಕಲು ಮಾಡಿಕೊಟ್ಟೆ. ಸಾಮಾನ್ಯ ಸೇವ್‌ಗಳಿಗೆ ಕಾರ್ಡಿನ ಗುರುತಿನ ಹಂಗಿಲ್ಲ.

ಸಂಜೆ ಹೊರಡುವಾಗ ನಿಖಿಲ ಕಲ್ಯಾಣದ ಇನ್ನೊಬ್ಬ ಗೆಳೆಯನ ಯಂತ್ರವನ್ನೂ ನೋಡಿಕೊಡಬೇಕೆಂದು ಕೇಳಿದ. ಅದು 90000 ಸರಣಿಯದಂತೆ. ಆ ಸರಣಿಯಲ್ಲಿ ಬಯೋಸ್, ಅಂದರೆ ಯಂತ್ರದೊಳಗಿನ ಮೂಲ ತಂತ್ರಾಂಶ, 2.30 ಆವೃತ್ತಿಯದಾಗಿರುವ ಯಂತ್ರಗಳಲ್ಲಿ ಮೆಮರಿ ಕಾರ್ಡಿನ ಆ ಬಾಗಿಲನ್ನು ಮುಚ್ಚಲಾಗಿದೆ, ಫ್ರೀ ಮೆಕ್‌ಬೂಟ್ ಅಲ್ಲಿ ನಡೆಯದು. ಅಲ್ಲಿ ಲೆನ್ಸ್ ಚೆನ್ನಾಗಿದ್ದರೆ 2020ರಲ್ಲಿ ಬಂದ ಫ್ರೀ ಡಿವಿಡಿ ಬೂಟ್ ಎಂಬ ದಾರಿಯಿದೆ. ಅದು ಯಂತ್ರದ ಡಿವಿಡಿ ಪ್ಲೇಯರಿನಲ್ಲಿರುವ ದೋಷವನ್ನು ಬಳಸಿಕೊಳ್ಳುವುದರಿಂದ ವಿಶೇಷವಾಗಿ ಬರೆದ ಒಂದು ಡಿಸ್ಕ್ ಸಾಕು. ಯಂತ್ರದ ಹಿಂದಿನ ಚೀಟಿಯ ಫೋಟೊ ತೆಗೆದು ಕಳಿಸಲು ಹೇಳು, ಅದರ ಮೇಲಿನ, ತಯಾರಾದ ಕಾಲ ಹೇಳುವ ಡೇಟ್ ಕೋಡ್ ನೋಡದೆ ಅವನ ಕಾರ್ಡನ್ನು ಮಾತ್ರ ಮುಟ್ಟಬೇಡ ಎಂದು ತಿಳಿಸಿ ಸ್ಟೇಷನ್ನಿನ ಕಡೆ ರಿಕ್ಷಾ ಹಿಡಿದೆ.