ಮಂಡಿಯ ದಿನಚರಿ, ನಡಿಗೆ 4: ಲೇಕ್ 22ಕ್ಕೆ ಅರ್ಧ ಪ್ರದಕ್ಷಿಣೆ

ಮೊದಲು ಲೆಕ್ಕ ಒಪ್ಪಿಸುತ್ತೇನೆ. ಅಮೆರಿಕದ ಸಿಯಾಟಲ್ ಕಡೆಯ ಬೆಟ್ಟಗಳಲ್ಲಿರುವ ಲೇಕ್ 22 ಎಂಬ ಕೆರೆಯವರೆಗೆ ಹೋಗಿ ಬರಲು 5.4 ಮೈಲಿ, ಅಂದರೆ 8.7 ಕಿ.ಮೀ. ಏರು ಸುಮಾರು 410 ಮೀಟರ್. ಹತ್ತಿದ್ದು ಒಂದು ಗಂಟೆ ಐವತ್ತು ನಿಮಿಷ, ಇಳಿದದ್ದು ಎರಡು ಗಂಟೆ ಐದು ನಿಮಿಷ. ಅಂಕಿ ಅದಲುಬದಲಾಗಿಲ್ಲ, ಇಳಿಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಬಲ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಹದಿನಾಲ್ಕು ತಿಂಗಳಾಯಿತು. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಕುಕ್ಕೆಯಿಂದ ಕುಮಾರ ಪರ್ವತ ಹತ್ತಬೇಕೆಂಬುದು ಹಟ. ಅದರ ಎತ್ತರ 1,712 ಮೀಟರ್, ಕುಕ್ಕೆಯಿಂದ ಏರಬೇಕಾದದ್ದೇ 1,500ಕ್ಕೂ ಹೆಚ್ಚು. ಈ ಶನಿವಾರದ್ದು ಅದರ ಕಾಲು ಪಾಲು ಎಂದಿಟ್ಟುಕೊಳ್ಳಬಹುದು. ಸಿಯಾಟಲ್ ಊರೊಳಗಿನ ಗ್ರೀನ್ ಲೇಕ್ ಸುತ್ತಿದ ಮೊದಲೆರಡು ನಡಿಗೆಗಳನ್ನು ನಡಿಗೆ ಎನ್ನಲು ನನಗೇ ನಾಚಿಕೆ. ಮೂರನೆಯದರಲ್ಲಿ, ರ್‍ಯಾಟಲ್‌ಸ್ನೇಕ್ ಲೆಡ್ಜ್ ಎಂಬ ಬೆಟ್ಟದ ಬಂಡೆಯಿಂದ ಇಳಿಯುವಾಗ, ಮಂಡಿ ಮುನಿಸಿಕೊಂಡಿತ್ತು.

ಗ್ರಾನೈಟ್ ಫಾಲ್ಸ್ ದಾಟಿ ಮೌಂಟನ್ ಲೂಪ್ ಹೆದ್ದಾರಿಯಲ್ಲಿ ಮುಂದೆ ಹೋದರೆ ದಾರಿಯ ಬುಡ ಸಿಗುತ್ತದೆ. ಜೂನ್ ಮೊದಲ ವಾರ. ಬೆಳಿಗ್ಗೆ ಏಳೂವರೆಗೇ ಕಾರು ನಿಲ್ಲಿಸುವ ಜಾಗ ಮುಕ್ಕಾಲು ತುಂಬಿತ್ತು. ಜೊತೆಗೆ ಅಕ್ಕ ಬಂದಿದ್ದಳು. ಕೆರೆಗೆ ಹೆಸರಿಲ್ಲ, ಬರೀ ನಂಬರು. ಸರ್ವೆ ನಂಬರಿನ ಮೇಲೆ ಊರು ಕರೆದ ಹಾಗೆ ಎಂದು ಅವಳು ಕಾರಿನಿಂದ ಇಳಿಯುವಾಗಲೇ ಶುರುಮಾಡಿದಳು.

ದಾರಿ ಹೊರಟ ಕೂಡಲೇ ಹಳೆಯ ಕಾಡು. ಇಬ್ಬರು ತೋಳು ಚಾಚಿದರೂ ತಬ್ಬಲಾಗದ ಸೀಡರ್ ಮರಗಳು, ಬಿದ್ದ ಮರದ ಬೆನ್ನ ಮೇಲೆಯೇ ಬೇರೂರಿದ ಹೆಮ್‌ಲಾಕ್ ಸಸಿಗಳು, ಎಲ್ಲದಕ್ಕೂ ಪಾಚಿಯ ಹೊದಿಕೆ. ಕಾಡನ್ನು ಮುಟ್ಟದೆ ಬಿಟ್ಟರೆ ಏನಾಗುತ್ತದೆ, ಕಡಿದು ನೆಟ್ಟು ನೋಡಿಕೊಂಡ ಕಾಡಿಗೂ ಇದಕ್ಕೂ ನೀರಿನಲ್ಲಿ, ಪ್ರಾಣಿಗಳಲ್ಲಿ, ಮರದಲ್ಲಿ ಏನು ವ್ಯತ್ಯಾಸ ಎಂದು ತಿಳಿಯಲು 1947ರಲ್ಲಿ ಈ ಪ್ರದೇಶವನ್ನು ಸಂಶೋಧನೆಗಾಗಿ ಮೀಸಲಿಟ್ಟರು. ನಮ್ಮ ಕಡೆ ಇದೇ ಕೆಲಸವನ್ನು ದೇವರ ಕಾಡು ಎಂದು ಹೆದರಿಸಿ ಮಾಡಿಸಿದ್ದರು.

ಮಲೆನಾಡಿನ ಮಳೆಗಾಲ ಕಂಡವರಿಗೆ ಇಲ್ಲಿನ ಹಾದಿ ಹೊಸದಲ್ಲ. ಬೇರು, ಕಲ್ಲು, ಮರದ ಮೆಟ್ಟಿಲು, ನಡುವೆ ಹಾದಿಯನ್ನೇ ಹಳ್ಳ ಮಾಡಿಕೊಂಡು ಹರಿಯುವ ನೀರು. ಜಿಗಣೆ ಮಾತ್ರ ಇಲ್ಲ. ಅರ್ಧ ದಾಟಿದ ಮೇಲೆ ಕಾಡು ಬಿಟ್ಟು ಕಲ್ಲುಗುಂಡುಗಳ ಬಯಲು ಇಳಿಜಾರು. ಹಾದಿ ಅಡ್ಡಡ್ಡ ತಿರುಗುತ್ತ ಏರುತ್ತದೆ. ಹತ್ತುವಾಗ ಮಂಡಿಯ ಸದ್ದೇ ಇರಲಿಲ್ಲ. ಅದೇ ನನ್ನ ತಲೆಗೇರಿತು.

ಕೆರೆ ಕೂತಿರುವುದು ಹಿಂದೊಮ್ಮೆ ಹಿಮನದಿ ಕೊರೆದ ಬಟ್ಟಲಿನಲ್ಲಿ. ಎದುರಿಗೆ ಪಿಲ್ಚಕ್ ಬೆಟ್ಟದ ಉತ್ತರದ ಗೋಡೆ, ಅದರ ಸೀಳುಸೀಳಿನಲ್ಲಿ ಹಿಮ, ಸಣ್ಣ ಸಣ್ಣ ನೀರಿನ ಎಳೆಗಳು. ಕೆರೆಯ ಸುತ್ತ ಸುಮಾರು 2 ಕಿ.ಮೀ. ಹಾದಿ, ಜೌಗಿರುವ ಕಡೆ ಹಲಗೆ ಹಾಸಿದ್ದಾರೆ. ನಾನು ಯೋಚಿಸದೆ ಎಡಕ್ಕೆ ತಿರುಗಿದೆ, ಕೆರೆ ಬಲಕ್ಕಿರುವಂತೆ. ನೀರು ಕಂಡರೂ ಪ್ರದಕ್ಷಿಣೆಯ ಅಭ್ಯಾಸ ಬಿಡುವುದಿಲ್ಲ.

ಆಚೆ ದಡದಲ್ಲಿ ಹಾದಿ ನಿಂತೇಹೋಯಿತು. ಚಳಿಗಾಲವಿಡೀ ಗೋಡೆಯಿಂದ ಜಾರಿ ಬಿದ್ದ ಹಿಮ ದೊಡ್ಡ ಬೀಸಣಿಗೆಯಂತೆ ನೀರಿನವರೆಗೂ ಹರಡಿತ್ತು. ಮೇಲೆ ಹೆಜ್ಜೆ ಗುರುತುಗಳು ಇದ್ದವು, ಯಾರೋ ದಾಟಿದ್ದರು. ಆದರೆ ಕಿವಿಗೊಟ್ಟರೆ ಅಡಿಯಲ್ಲಿ ನೀರು ಹರಿಯುವುದು ಕೇಳುತ್ತಿತ್ತು. ಹಾಗೆಂದರೆ ಒಳಗೆ ಪೊಳ್ಳು. ಇದೇ ಹೆದ್ದಾರಿಯಲ್ಲಿ ಮುಂದಿರುವ ಬಿಗ್ ಫೋರ್ ಹಿಮಗುಹೆಗಳಲ್ಲಿ 2010ರಲ್ಲಿ, ಮತ್ತೆ 2015ರಲ್ಲಿ, ಹಿಮ ಕುಸಿದು ಜನ ಸತ್ತಿದ್ದಾರೆ. ಆದರೂ ನನಗೆ ಸುತ್ತು ಪೂರೈಸುವ ಆಸೆ. ಇಪ್ಪತ್ತು ಹೆಜ್ಜೆ ಅಷ್ಟೇ ಎಂದೆ.

"ಶಿವನ ಗುಡಿ ಅಂದುಕೋ," ಎಂದಳು ಅಕ್ಕ. "ಸೋಮಸೂತ್ರ ದಾಟುತ್ತೀಯಾ?"

ಉತ್ತರವಿಲ್ಲ. ಸೋಮಸೂತ್ರವನ್ನು, ಅಂದರೆ ಅಭಿಷೇಕದ ನೀರು ಹೊರಬರುವ ಜಾಗವನ್ನು, ದಾಟದೆ ಅಲ್ಲಿಂದ ಬಂದ ದಾರಿಯಲ್ಲೇ ಹಿಂದಿರುಗುವುದು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಹಿಂದಿರುಗಿದೆವು. ಬಂಡೆಯ ಮೇಲೆ ಕೂತು ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಮುಗಿಸಿದೆವು. ಕೆರೆಯಲ್ಲಿ ಕಾಲಿಟ್ಟು ಇಪ್ಪತ್ತೆಣಿಸುವಷ್ಟರಲ್ಲಿ ಪಾದ ನನ್ನದಲ್ಲ ಎನಿಸಿತು.

ಎಡವಟ್ಟಾದದ್ದು ಇಳಿಯುವಾಗ. ಹತ್ತುವಾಗ ಊರುಗೋಲುಗಳನ್ನು ಗಿಡ್ಡ ಮಾಡಿಕೊಂಡಿದ್ದೆ, ಇಳಿಯುವಾಗ ಉದ್ದ ಮಾಡಲು ಮರೆತೆ. ಇಳಿಜಾರಿನಲ್ಲಿ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಆ ಭಾರದಲ್ಲಿ ಒಂದು ಪಾಲನ್ನು ಕೋಲು ಹೊರಬೇಕಿತ್ತು. ಗಿಡ್ಡ ಕೋಲಿಗೆ ನಾನೇ ಬಗ್ಗಿ ಬಗ್ಗಿ ಮುಂದಕ್ಕೆ ವಾಲುತ್ತಿದ್ದೆ. ಹತ್ತುವ ಗೆಲುವಿನಲ್ಲಿ ವೇಗ ಬೇರೆ. ಒದ್ದೆ ಬೇರಿನ ಮೇಲೆ ಕಾಲು ಜಾರಿ ಕುಕ್ಕರಿಸಿದೆ. ಮಂಡಿ ತಿರುಚಲಿಲ್ಲ, ಅಷ್ಟು ಪುಣ್ಯ. ಅಕ್ಕ ಕೋಲುಗಳನ್ನು ಕಿತ್ತುಕೊಂಡು ತಲಾ ಒಂದು ಗೇಣು ಉದ್ದ ಮಾಡಿ ಕೊಟ್ಟಳು, ಮುಂದೆ ತಾನೇ ನಡೆದಳು, ಅವಳನ್ನು ದಾಟಕೂಡದು ಎಂಬ ಕರಾರಿನ ಮೇಲೆ. ಎರಡು ಗಂಟೆ ಐದು ನಿಮಿಷದ ಗುಟ್ಟು ಇದು.

ಮಂಡಿಯ ಸುತ್ತಳತೆ, ದರ್ಜಿಯ ಟೇಪಿನಲ್ಲಿ: ಹೊರಡುವ ಮೊದಲು 38 ಸೆಂ.ಮೀ., ರಾತ್ರಿ 39, ಭಾನುವಾರ ಸಂಜೆ ಮತ್ತೆ 38. ಮೂರನೇ ನಡಿಗೆಯಾದ ಮೇಲೆ ಊತ ಇಳಿಯಲು ನಾಲ್ಕು ದಿನ ಬೇಕಾಗಿತ್ತು.

ಐದನೆಯದಕ್ಕೆ ಹೊಸ ಜಾಗ ಹುಡುಕುತ್ತಿಲ್ಲ. ಹಿಮ ಕರಗಿದ ಮೇಲೆ, ಆಗಸ್ಟಿನಲ್ಲಿ, ಇಲ್ಲಿಗೇ ಬರುತ್ತೇವೆ. ಉಳಿದರ್ಧ ಸುತ್ತು ಬಾಕಿ ಇದೆ. ಕೋಲುಗಳ ಮೇಲೆ ಇಳಿಯುವ ಅಳತೆಗೆ ಕೆಂಪು ಟೇಪು ಸುತ್ತಿಟ್ಟಿದ್ದೇನೆ.