ಫ್ರೈಡ್ ಚಿಕನ್ ತಂಗಳಾದರೆ ಕೆಟ್ಟಿತು ಅನ್ನಬೇಡಿ

ಬಾಣಲೆಯಿಂದ ತೆಗೆದ ಕೂಡಲೇ ಬಾಯಿಗಿಟ್ಟರೇ ಫ್ರೈಡ್ ಚಿಕನ್ ರುಚಿ ಅನ್ನುವವರ ನಾಲಿಗೆ ಯಾವಾಗಲೋ ಸುಟ್ಟುಹೋಗಿರಬೇಕು. ಎಣ್ಣೆಯಿಂದ ಆಚೆ ಬಂದ ಮೊದಲ ಎರಡು ಮೂರು ನಿಮಿಷ ಪೀಸಿನೊಳಗೆ ಆವಿ ಇನ್ನೂ ಕುದಿಯುತ್ತಿರುತ್ತದೆ. ಆಗ ಕಚ್ಚಿದರೆ ರಸವೆಲ್ಲ ತಟ್ಟೆಗೆ ಸೋರುತ್ತದೆ, ಉಪ್ಪು ಖಾರ ಎಷ್ಟಿದೆ ಅಂತಲೂ ಗೊತ್ತಾಗುವುದಿಲ್ಲ. ಅದೇ ಪೀಸನ್ನು ಐದರಿಂದ ಹತ್ತು ನಿಮಿಷ ಜಾಲರಿ ಮೇಲೆ ಬಿಡಿ. ಮೇಲಿನ ಪದರ ಇನ್ನಷ್ಟು ಒಣಗಿ ಗರಿಗರಿಯಾಗುತ್ತದೆ, ಒಳಗಿನ ಮಾಂಸ ಬೆರಳು ತಾಳುವಷ್ಟು ಬಿಸಿಗೆ ಇಳಿಯುತ್ತದೆ. ಬಿಸಿ ಚಿಕನ್ ಗೆಲ್ಲುವುದು ಈ ಹತ್ತು ಹದಿನೈದು ನಿಮಿಷದಲ್ಲಿ ಮಾತ್ರ. ತಣ್ಣಗಿನದು ಗೆಲ್ಲುವುದು ಮರುದಿನ. ನಡುವೆ ಉಗುರುಬೆಚ್ಚಗೆ, ಕವರಿನಲ್ಲಿ ಬೆವರುತ್ತಾ ಬರುವ ಚಿಕನ್ ಇದೆಯಲ್ಲ, ಅದರ ಪರ ವಾದಿಸುವವರು ಯಾರೂ ಇಲ್ಲ. ಬೆಂಗಳೂರಿನಲ್ಲಿ ನಾವು ಹೆಚ್ಚು ತಿನ್ನುವುದು ಅದನ್ನೇ.

ಪಾರ್ಸೆಲ್ ಕವರ್ ಒಳಗೆ ಏನಾಗುತ್ತದೆ ನೋಡಿ. ಕರಿಯುವಾಗ ಹಿಟ್ಟಿನ ಪದರದ ನೀರು ಆವಿಯಾಗಿ ಹೋಗಿ, ಒಣ ಪಿಷ್ಟ ಗಾಜಿನಂತೆ ಪೆಡಸಾಗುತ್ತದೆ. ಗರಿಗರಿ ಅನ್ನುವುದು ಅದನ್ನೇ. ಒಳಗಿನ ಮಾಂಸದಲ್ಲಿ ಮಾತ್ರ ನೀರು ಧಾರಾಳವಾಗಿದೆ. ತಣಿಯುತ್ತಾ ಹೋದಂತೆ ಆ ನೀರು ಹೊರಪದರದ ಕಡೆ ನುಗ್ಗುತ್ತದೆ. ತೆರೆದ ತಟ್ಟೆಯಲ್ಲಿದ್ದರೆ ಗಾಳಿಗೆ ಹಾರಿಹೋಗುತ್ತಿತ್ತು. ಬಾಯಿ ಒತ್ತಿದ ಸಿಲ್ವರ್ ಕವರಿನಲ್ಲಾದರೆ ಗೋಡೆಗೆ ತಾಕಿ ಹನಿಯಾಗಿ ಮತ್ತೆ ಚಿಕನ್ ಮೇಲೇ ಬೀಳುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತು ಬಂದ ಕವರನ್ನು ಬಿಚ್ಚಿದರೆ ಒಳಮೈಗೆ ಮುತ್ತಿನಂಥ ಹನಿಗಳು, ಕರಿಬೇವು ತೊಯ್ದ ಬಟ್ಟೆಯ ಹಾಗೆ ಅಂಟಿಕೊಂಡಿರುತ್ತದೆ. ಪ್ಯಾಕ್ ಮಾಡುವವರ ಹತ್ತಿರ ಕವರಿನ ಬಾಯಿ ತೆರೆದಿಡಿ ಅಂತ ಕೇಳಿ, ಇಲ್ಲವೇ ಬಂದ ತಕ್ಷಣ ಬಿಚ್ಚಿ ಜಾಲರಿಗೆ ಹರಡಿ. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಇಷ್ಟೇ ಸಾಕು. ಮಳೆಗಾಲದಲ್ಲಿ ಹೊರಗಿನ ಗಾಳಿಯೂ ತೇವ, ಹಾಗಾಗಿ ಒಲೆಯ ಸಹಾಯ ಬೇಕೇ ಬೇಕು.

ತಣ್ಣಗೆ ತಿನ್ನುವುದು ಬಡತನದ ಅಡ್ಜಸ್ಟ್‌ಮೆಂಟ್ ಅಲ್ಲ. ಅಮೆರಿಕದಲ್ಲಿ ವರ್ಣಭೇದದ ಕಾಲಕ್ಕೆ ರೈಲಿನ ಊಟದ ಬೋಗಿಗೆ ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲ. ಶೂ ಡಬ್ಬಿಗಳಲ್ಲಿ ಅವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದದ್ದು ಕರಿದ ಕೋಳಿಯನ್ನು. ಗಂಟೆಗಟ್ಟಲೆ ಕಳೆದ ಮೇಲೂ ತಿನ್ನಲು ಚೆನ್ನಾಗಿರಲಿ ಅಂತಲೇ ಉಪ್ಪು ಮಸಾಲೆ ಹಿಡಿಸಿ ಮಾಡುವ ತಿನಿಸು ಅದು. ಜಪಾನಿನವರ ಕರಿದ ಕೋಳಿ ಕರಾಗೆಯೂ ಹಾಗೆಯೇ, ಬೆಂತೊ ಬುತ್ತಿಯಲ್ಲಿ ತಣ್ಣಗೇ ತಿನ್ನುತ್ತಾರೆ. ನಮ್ಮೂರಿಗೆ ಅಮೆರಿಕದ ಶೈಲಿ ಬಂದದ್ದು 1995ರಲ್ಲಿ, ಬ್ರಿಗೇಡ್ ರೋಡಿನಲ್ಲಿ ಕೆಎಫ್‌ಸಿ ದೇಶದ ತನ್ನ ಮೊದಲ ಅಂಗಡಿ ತೆರೆದಾಗ. 1996ರ ಜನವರಿಯಲ್ಲಿ ರೈತ ಸಂಘದವರು ಅದರ ಮೇಲೆ ದಾಳಿ ಮಾಡಿದ್ದು ಬೇರೆ ಕತೆ. ಬಕೆಟ್ಟಿನಲ್ಲಿ ಉಳಿದ ಲೆಗ್ ಪೀಸನ್ನು ಬೆಳಿಗ್ಗೆ ಫ್ರಿಜ್ ಬಾಗಿಲು ಹಿಡಿದುಕೊಂಡೇ ತಿನ್ನುವವರು ಊರಲ್ಲಿ ಈಗ ಬೇಕಾದಷ್ಟಿದ್ದಾರೆ.

ಆದರೆ ಬಿಸಿ ತಿನ್ನಲು ಮಾಡಿದ್ದನ್ನೇ ತಣ್ಣಗೆ ತಿಂದರೆ ಸಪ್ಪೆ. ಕಾರಣ ನಾಲಿಗೆಯಲ್ಲೇ ಇದೆ. ಸಿಹಿ, ಕಹಿ, ಉಮಾಮಿಯ (ಮಾಂಸದ ಸಾರಿನಲ್ಲಿ ಸಿಗುವಂಥ ರುಚಿ) ಸುದ್ದಿಯನ್ನು ಮೆದುಳಿಗೆ ದಾಟಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ 15 ಡಿಗ್ರಿಗಿಂತ 35 ಡಿಗ್ರಿಯಲ್ಲಿ ಬಹಳ ಚುರುಕು. ತಣ್ಣಗಿದ್ದರೆ ಮಸಾಲೆಯ ಘಮವೂ ಮೂಗಿಗೆ ಏಳುವುದಿಲ್ಲ. ಮೆಣಸಿನಕಾಯಿ ಖಾರವೂ ಬಿಸಿ ಜೊತೆಗಿದ್ದಾಗಲೇ ಹೆಚ್ಚು ಉರಿಯುವುದು, ಏಕೆಂದರೆ ಬಾಯಿಯಲ್ಲಿ ಎರಡನ್ನೂ ಗುರುತಿಸುವುದು ಒಂದೇ ನರತುದಿ. ಹಾಗಾಗಿ ಮೂಳೆ ಸಮೇತ ಒಂದು ಕೆಜಿ ಚಿಕನ್‌ಗೆ ಬಿಸಿ ತಿನ್ನುವುದಾದರೆ 12 ಗ್ರಾಂ, ಅಂದರೆ ಮಟ್ಟ ಎರಡು ಟೀ ಚಮಚ ಉಪ್ಪು. ಮರುದಿನಕ್ಕಾದರೆ 15 ಗ್ರಾಂ. ಖಾರದಪುಡಿ ಕಾಲು ಭಾಗ ಹೆಚ್ಚಿಸಿ, ಕಾಳುಮೆಣಸನ್ನು ಒಂದರ ಬದಲು ಒಂದೂವರೆ ಚಮಚ ಮಾಡಿ. ಗರಂ ಮಸಾಲ ಹೆಚ್ಚಿಸಿ ಪ್ರಯೋಜನವಿಲ್ಲ, ತಣ್ಣಗಾದ ಮೇಲೆ ಲವಂಗದ ಒಗರು ಮಾತ್ರ ಉಳಿಯುತ್ತದೆ.

ಎರಡನೆಯದು ಎಣ್ಣೆ. ಈ ವಿಷಯದಲ್ಲಿ ರಾಜಿ ಬೇಡ. ಹೋಟೆಲುಗಳು ಪಾಮಾಯಿಲ್ ಬಳಸುವುದು ಅಗ್ಗ ಅಂತ ಮತ್ತು ತುಂಬಾ ಹೊತ್ತು ಕಾದರೂ ಬೇಗ ಕೆಡುವುದಿಲ್ಲ ಅಂತ. ಬಿಸಿ ತಿನ್ನುವಾಗ ಅದು ಗೊತ್ತೂ ಆಗುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಹಿಟ್ಟಿನೊಳಗೆ ಹೀರಿಕೊಂಡ ಎಣ್ಣೆ ಗಟ್ಟಿಯಾಗಿ ಅಂಗುಳಕ್ಕೆ ಮೇಣ ಬಳಿದ ಹಾಗೆ ಅಂಟುತ್ತದೆ. ವನಸ್ಪತಿಯಂತೂ ಕೇಳಲೇಬೇಡಿ. ಸನ್‌ಫ್ಲವರ್ ಎಣ್ಣೆ ಫ್ರಿಜ್‌ನ ತಣ್ಣಗೂ ದ್ರವವಾಗಿಯೇ ಇರುತ್ತದೆ, ಮರುದಿನಕ್ಕೆ ಮಾಡುವವರಿಗೆ ಅದೇ ಸರಿ. ಚರ್ಮದ ಕತೆಯೂ ಇಷ್ಟೇ. ಕೋಳಿ ಅಂಗಡಿಯಲ್ಲಿ ‘ವಿತ್ ಸ್ಕಿನ್ನಾ, ವಿತೌಟಾ?’ ಅಂತ ಕೇಳಿದಾಗ, ಬಿಸಿ ತಿನ್ನಲು ವಿತ್ ಸ್ಕಿನ್ ಹೇಳಿ, ತಣ್ಣಗೆ ತಿನ್ನಲು ವಿತೌಟ್. ಚರ್ಮದಡಿಯ ಕೊಬ್ಬು ಪೂರ್ತಿ ಕರಗದೆ ಉಳಿದರೆ ತಣ್ಣಗಾದ ಮೇಲೆ ಅದು ರಬ್ಬರು.

ಮಾಡುವ ಕ್ರಮಕ್ಕೆ ಬರೋಣ. ನೂರು ಗ್ರಾಮಿನ ಆಸುಪಾಸಿನ ಹತ್ತು ಪೀಸು, ತೊಡೆ ಮತ್ತು ಲೆಗ್ ಇದ್ದರೆ ಒಳ್ಳೆಯದು. ಎದೆ ಮಾಂಸ ತಣ್ಣಗಾದರೆ ನಾರುನಾರು. 250 ಗ್ರಾಂ ಗಟ್ಟಿ ಮೊಸರನ್ನು 100 ಎಂಎಲ್ ನೀರಿನಲ್ಲಿ ಕಡೆದು, ಮೇಲೆ ಹೇಳಿದ ಉಪ್ಪು, ಖಾರದಪುಡಿ, ಕಾಳುಮೆಣಸು, ಎರಡು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಸೇರಿಸಿ ಎಂಟು ಗಂಟೆ ಫ್ರಿಜ್‌ನಲ್ಲಿ ನೆನೆಸಿ. ಹುಳಿ ಮೊಸರಿನಲ್ಲಿ ಇಡೀ ದಿನ ಬಿಟ್ಟರೆ ಮಾಂಸದ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ. ಮೇಲಿನ ಪದರಕ್ಕೆ 150 ಗ್ರಾಂ ಮೈದಾ, 50 ಗ್ರಾಂ ಕಾರ್ನ್ ಫ್ಲೋರ್, 50 ಗ್ರಾಂ ಅಕ್ಕಿ ಹಿಟ್ಟು, ಅರ್ಧ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಉಪ್ಪು. ಅಕ್ಕಿ ಹಿಟ್ಟು ಬಿಡಬೇಡಿ. ಬರೀ ಮೈದಾ ತಣಿದ ಮೇಲೆ ಚಪಾತಿಯ ಹಾಗೆ ನಾರಾಗುತ್ತದೆ, ಅಕ್ಕಿ ಹಿಟ್ಟಿಗೆ ಆ ಜಿಗುಟಿಲ್ಲ. ಪೀಸನ್ನು ಹಿಟ್ಟಿನಲ್ಲಿ ಒತ್ತಿ ಹೊರಳಿಸಿ, ಒದರಿ, ತಟ್ಟೆಯಲ್ಲಿ ಕಾಲು ಗಂಟೆ ಸುಮ್ಮನೆ ಬಿಡಿ. ಹಿಟ್ಟು ತೇವ ಕುಡಿದು ಅಂಟಿಕೊಳ್ಳಲು ಅಷ್ಟು ಹೊತ್ತು ಬೇಕು. ಬಾಣಲೆಯಲ್ಲಿ ಪದರ ಕಳಚಿ ಬಂತು ಅನ್ನುವ ದೂರು ಹೆಚ್ಚಾಗಿ ಈ ಕಾಲು ಗಂಟೆಯದ್ದು.

ಒಂದೂವರೆ ಲೀಟರ್ ಎಣ್ಣೆಯನ್ನು 170 ಡಿಗ್ರಿಗೆ ಕಾಯಿಸಿ, ಒಮ್ಮೆಗೆ ಮೂರೋ ನಾಲ್ಕೋ ಪೀಸು. ಎಣ್ಣೆ ಒಮ್ಮೆಲೆ 150ರ ಹತ್ತಿರ ಇಳಿಯುತ್ತದೆ, ಇಳಿಯಲಿ. ಅದಕ್ಕಿಂತ ಕೆಳಗೆ ಹೋದರೆ ಪದರ ಎಣ್ಣೆ ಕುಡಿಯುತ್ತದೆ. ಮೊದಲು ಗುಳ್ಳೆಗಳು ಗದ್ದಲ ಮಾಡುತ್ತವೆ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸಣ್ಣಗಾಗಿ ಸದ್ದು ತಗ್ಗುತ್ತದೆ. ನೀರು ಕಡಿಮೆಯಾದ ಗುರುತು ಅದು. ಹನ್ನೆರಡರಿಂದ ಹದಿನಾಲ್ಕು ನಿಮಿಷಕ್ಕೆ ಪೀಸು ಬೆಂದಿರುತ್ತದೆ. ಥರ್ಮಾಮೀಟರ್ ಇದ್ದರೆ ಮೂಳೆಗೆ ತಾಗದಂತೆ ಚುಚ್ಚಿ ನೋಡಿ: 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ತಣ್ಣಗೆ ತಿನ್ನುವ ಲೆಗ್ ಪೀಸನ್ನು 82ರವರೆಗೆ ಬಿಡಿ. ಕೀಲಿನ ಹತ್ತಿರದ ಗಟ್ಟಿ ಅಂಗಾಂಶ ಆಗ ಕರಗಿ, ಮರುದಿನ ಮೂಳೆಯ ಪಕ್ಕ ತೆಳ್ಳಗೆ ಹೊಳೆಯುವ ಜೆಲ್ಲಿಯಾಗಿ ಕೂತಿರುತ್ತದೆ. ಬಿಸಿಯಲ್ಲಿ ಇದು ಸಿಗುವುದಿಲ್ಲ. ತಣ್ಣಗಿನ ಪಕ್ಷಕ್ಕೆ ಓಟು ಹಾಕಲು ಇದೊಂದೇ ಸಾಕು. ಮೂಳೆಯ ಸುತ್ತ ಕೆಂಪು ಕಂಡರೆ ಗಾಬರಿ ಬೇಡ. ಎಳೆ ಬ್ರಾಯ್ಲರ್ ಮೂಳೆಯ ಮಜ್ಜೆ ಹೊರಗೆ ಇಳಿದದ್ದು ಅದು, ಡಿಗ್ರಿ ಸರಿಯಿದ್ದರೆ ಹಸಿಯಲ್ಲ.

ತೆಗೆದದ್ದನ್ನು ನ್ಯೂಸ್‌ಪೇಪರ್ ಮೇಲೆ ಹಾಕಬೇಡಿ, ಇಂಕು ತಿಂಡಿಗೆ ಇಳಿಯುತ್ತದೆ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಎಚ್ಚರಿಸುತ್ತಲೇ ಇದೆ. ಟಿಶ್ಯೂ ಮೇಲೂ ಅಡಿಭಾಗ ಮೆತ್ತಗಾಗುತ್ತದೆ. ಜಾಲರಿಯೇ ಸರಿ. ಫ್ಯಾನಿನ ಕೆಳಗೆ ಅರ್ಧ ಮುಕ್ಕಾಲು ಗಂಟೆ ಆರಿಸಿ, ಡಬ್ಬಿಯ ತಳಕ್ಕೆ ಪೇಪರ್ ಟವೆಲ್ ಹಾಸಿ ಫ್ರಿಜ್‌ಗೆ ಹಾಕಿ. ಕರಿದು ಎರಡು ಗಂಟೆಯೊಳಗೆ ಫ್ರಿಜ್ ಸೇರಲೇಬೇಕು, ಏಪ್ರಿಲ್ ಬಿಸಿಲಿನಲ್ಲಿ ಒಂದೇ ಗಂಟೆ. ಬಿಸಿಯಿರುವಾಗಲೇ ಮುಚ್ಚಳ ಹಾಕಿದರೆ ಸಿಲ್ವರ್ ಕವರಿನ ಕತೆಯೇ ಮತ್ತೆ. 24 ಗಂಟೆಯೊಳಗೆ ತಿಂದು ಮುಗಿಸಿ. ಆಮೇಲೆ ಕೋಳಿಯ ಕೊಬ್ಬು ಆಮ್ಲಜನಕಕ್ಕೆ ಸಿಕ್ಕಿ ಸಣ್ಣಗೆ ಕಮಟು ಹಿಡಿಯುತ್ತದೆ. ತಣ್ಣಗಿದ್ದಾಗ ಆ ವಾಸನೆ ಅಡಗಿರುತ್ತದೆ, ಬಿಸಿ ಮಾಡಿದ ತಕ್ಷಣ ಮನೆಯೆಲ್ಲ ಹರಡುತ್ತದೆ. ತಿನ್ನುವ ಕಾಲು ಗಂಟೆ ಮೊದಲು ಹೊರಗೆ ತೆಗೆದಿಟ್ಟು, ನಿಂಬೆಹಣ್ಣು ಹಿಂಡಿ.

ಬಿಸಿ ಮಾಡಲೇಬೇಕು ಅಂದರೆ ಮೈಕ್ರೋವೇವ್ ಬೇಡ. ಅದು ಒಳಗಿನ ನೀರನ್ನು ಕುದಿಸಿ ಪದರಕ್ಕೆ ತಳ್ಳುತ್ತದೆ, ಕೈಗೆ ಬರುವುದು ಒದ್ದೆ ಚರ್ಮ. ಫ್ರಿಜ್‌ನಿಂದ ತೆಗೆದು ಇಪ್ಪತ್ತು ನಿಮಿಷ ಬಿಟ್ಟು, ಏರ್ ಫ್ರೈಯರ್‌ನಲ್ಲಿ 180 ಡಿಗ್ರಿಗೆ ಆರರಿಂದ ಎಂಟು ನಿಮಿಷ. ಒಳಗೂ 74 ಮುಟ್ಟಲಿ.

ಇಷ್ಟೆಲ್ಲ ಹೇಳಿದ್ದು ದಪ್ಪ ಪದರದ ಲೆಗ್ ಪೀಸಿಗೆ. ನಮ್ಮ ಬೆಂಗಳೂರು ಕಬಾಬ್ ತಣ್ಣಗೆ ತಿನ್ನುವ ಪದಾರ್ಥವೇ ಅಲ್ಲ. ಸಣ್ಣ ತುಂಡು, ಮೊಟ್ಟೆ ಮತ್ತು ಕಾರ್ನ್ ಫ್ಲೋರ್‌ನ ತೆಳು ಲೇಪ. ಬಾಣಲೆಯಿಂದ ಬಂದಾಗ ಗಾಜಿನಂತೆ ಮುರಿಯುವ ಆ ಪದರ ಇಪ್ಪತ್ತು ನಿಮಿಷಕ್ಕೆ ಜಗಿಯುವ ರಬ್ಬರಾಗುತ್ತದೆ. ಕೆಂಪು ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿಯೇ ಸಾಕು, ಕೃತಕ ಬಣ್ಣವನ್ನಂತೂ ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿದೆ. ಗಾಡಿಯ ಮುಂದೆ ನಿಂತು ಈರುಳ್ಳಿ, ನಿಂಬೆ ಜೊತೆ ತಿಂದು ಮುಗಿಸಿ. ಉಳಿದೇಹೋಯಿತು ಅಂದರೆ ಮೂಳೆಯಿಂದ ಬಿಡಿಸಿ, ಉದ್ದಕ್ಕೆ ಹೆಚ್ಚಿದ ಎರಡು ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಚಿಟಿಕೆ ಕಾಳುಮೆಣಸಿನ ಜೊತೆ ತವಾ ಮೇಲೆ ದೊಡ್ಡ ಉರಿಯಲ್ಲಿ ಹೊಗೆಯಾಡುವಷ್ಟು ಬಿಸಿಯಾಗುವ ತನಕ ಬಾಡಿಸಿ, ಚಪಾತಿಯೊಳಗೆ ಸುತ್ತಿಕೊಳ್ಳಿ.